ಮನೆಗಟ್ಟುವ ಮಾತುಗಳ ಲಕ್ಷಣವಿಚಾರ

೧

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಈ ಗಾದೆಯಲ್ಲಿ ಅಡಕವಾಗಿರುವ ಕಷ್ಟಗಳಲ್ಲಿ ಹಣದ ಕಷ್ಟವು ಎಲ್ಲರ ಕಣ್ಣಿಗೂ ಬೀಳುವುದು. ಮಾತಿನ ಕಷ್ಟವನ್ನು ಗಮನಿಸಿದವರು ವಿರಳ. ಮನೆ ಕಟ್ಟಿಸುವವನು ಮೇಸ್ತ್ರಿಯೊಡನೆ ಒಂದು ಭಾಷೆಯನ್ನೂ, ಕಚೇರಿಯವರೊಡನೆ ಮತ್ತೊಂದನ್ನೂ, ಮನೆಗಳನ್ನು ಕಟ್ಟಿ ಮಾರುವವರೊಡನೆ ಮೂರನೆಯದೊಂದನ್ನೂ ಆಡಬೇಕಾಗಿದೆ. ಮೂರಕ್ಕೂ ಕನ್ನಡವೆಂದೇ ಹೆಸರು. ಆದರೆ ಒಂದರಲ್ಲಿ ಆಡಿದ ಮಾತು ಇನ್ನೊಂದರಲ್ಲಿ ಬೇರೆ ಅರ್ಥವನ್ನು ಕೊಡುವುದುಂಟು. ಆ ಅರ್ಥಭೇದಕ್ಕೆ ಬೆಲೆ ತೆರತಕ್ಕವನು ಗೃಹಸ್ಥನೇ ಹೊರತು ಉಳಿದವರಲ್ಲಿ ಯಾರೂ ಅಲ್ಲ.

ಬೆಂಗಳೂರಿನ ಉತ್ತರಭಾಗದಲ್ಲಿ ಈ ವಿಚಾರವು ದಿನದಿನದ ಅನುಭವವಾಗಿರುವುದು. ಬೆಂಗಳೂರನ್ನು ಕಟ್ಟಿಸಿದ ಕೆಂಪೇಗೌಡರ ವಂಶಕ್ಕೆ ನೆಲೆಯಾಗಿದ್ದ ಯಲಹಂಕ, ಅಲ್ಲಿಂದ ಈಚೆಗೆ ಹೆಬ್ಬಾಳ, ಆರ್. ಟಿ. ನಗರ, ಪಶ್ಚಿಮಕ್ಕೆ ಯಶವಂತಪುರ, ಇವುಗಳ ಸುತ್ತಣ ಹೊಲ ತೋಟಗಳು ಒಂದೊಂದಾಗಿ ನಿವೇಶನಗಳಾಗಿವೆ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದ ಮೇಲಂತೂ ಈ ಕಾರ್ಯವು ಬಹಳ ತ್ವರೆಗೊಂಡಿತು. ಮನೆ ಕಟ್ಟಿಸುವವರಿಗೆ ತಿಳಿವಳಿಕೆ ಕೊಡುವ ಪದಪಟ್ಟಿಗಳೂ ಕೈಪಿಡಿಗಳೂ ಅದರೊಡನೆಯೇ ಹೆಚ್ಚಿದುವು. ಇಂತಹ ಪಟ್ಟಿಗಳ ಗುಣದೋಷಗಳನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಯಾವ ಒಂದು ಪುಸ್ತಕದ ಮೇಲೂ ದೋಷವನ್ನು ಹೊರಿಸುವುದು ನಮ್ಮ ಇಚ್ಛೆಯಲ್ಲ, ದೋಷವು ಪದ್ಧತಿಯಲ್ಲಿದೆ.

ಆ ಪದ್ಧತಿಯಾವುದೆಂದರೆ, ಒಂದು ಪದಕ್ಕೆ ಇನ್ನೊಂದು ಪದವನ್ನು ಹೇಳಿ ಸುಮ್ಮನಾಗುವುದು. ಪ್ಲಿಂತು ಎಂದರೆ ತಳಪಾಯ, ಕ್ಯೂರಿಂಗ್ ಎಂದರೆ ಸಂಸ್ಕರಣ, ಎಂದು ಬರೆದುಬಿಟ್ಟರೆ ವಿವರಣೆಯು ಮುಗಿಯಿತೆಂಬ ಭಾವನೆ. ಇದು ಪರ್ಯಾಯಕಥನವೇ ಹೊರತು ಲಕ್ಷಣಕಥನವಲ್ಲ. ಕಟ್ಟಡದ ವಿಷಯದಲ್ಲಿ ಒಂದೊಂದು ಪದವೂ ಒಂದೊಂದು ಎಲ್ಲೆಯನ್ನು ಹೇಳುತ್ತದೆ. ಎಲ್ಲಿಂದ ಮೊದಲು, ಎಲ್ಲಿಗೆ ಕೊನೆ, ಯಾವುದು ಒಳಗೆ, ಯಾವುದು ಹೊರಗೆ ಎಂಬುದನ್ನು ತಿಳಿಸದ ವಿವರಣೆಯಿಂದ ಗೃಹಸ್ಥನಿಗೆ ಒಂದು ಹೊಸ ಶಬ್ದವು ದೊರೆತೀತು. ಕೆಲಸದವರನ್ನು ಕೇಳತಕ್ಕ ಪ್ರಶ್ನೆಯು ದೊರೆಯಲಾರದು.

ಲಕ್ಷಣವನ್ನು ಪರೀಕ್ಷಿಸುವ ಒರೆಗಲ್ಲು ನಮ್ಮ ತರ್ಕಶಾಸ್ತ್ರದಲ್ಲಿಯೇ ಸಿದ್ಧವಾಗಿರುವುದು. ಲಕ್ಷಣದ ದೋಷಗಳು ಮೂರು: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುವುದು; ಇದು ಅವ್ಯಾಪ್ತಿ. ಕೊಂಬುಳ್ಳದ್ದು ಗೋವು ಎಂದರೆ ಎಮ್ಮೆಯೂ ಒಳಗೆ ಬರುವುದು, ಇದು ಅತಿವ್ಯಾಪ್ತಿ. ಒಂದೇ ಗೊರಸುಳ್ಳದ್ದು ಎಂದರೆ ಯಾವ ಹಸುವಿಗೂ ಸಲ್ಲದು, ಇದು ಅಸಂಭವ. ಮಕ್ಕಳು ಬಾಯಿಪಾಠಮಾಡುತ್ತಿದ್ದ ಈ ಉದಾಹರಣೆಗಳನ್ನು ಕರಣೆ ಹಿಡಿದವರ ಮಾತುಗಳಿಗೆ ಅನ್ವಯಿಸಿ ನೋಡೋಣ.

೨

ಮೊದಲು ಅತಿವ್ಯಾಪ್ತಿ. ನಮ್ಮ ಮಿತ್ರರೊಬ್ಬರು ಯಲಹಂಕದ ಉಪನಗರದ ಆಚೆ ಒಂದು ಚಿಕ್ಕ ಮನೆಯನ್ನು ಕಟ್ಟಿಸಿದರು. ಕರಾರಿನಲ್ಲಿ "ಸಜ್ಜ ಸೇರಿ" ಎಂದು ಬರೆದಿದ್ದಿತು. ಗೋಡೆಗಳು ಮುಗಿದು ತಾರಸಿಯೂ ಬಿದ್ದ ಮೇಲೆ ಅಡಿಗೆಮನೆಯ ಗೋಡೆಯು ಬರಿದಾಗಿರುವುದನ್ನು ಕಂಡು ಅವರು, "ಏನಪ್ಪಾ ಮೇಸ್ತ್ರಿ, ಪಾತ್ರೆ ಇಡೋ ಸಜ್ಜ ಎಲ್ಲಿ?" ಎಂದು ಕೇಳಿದರು. ಅದಕ್ಕೆ ಅವನು, "ಎಲ್ಲಾ ಕಿಟಕಿಗೂ ಸಜ್ಜ ಇಳಿಸಿದೀನಲ್ಲ ಸಾರ್; ನೀವು ಕೇಳ್ತಿರೋದು ಅಟ್ಟ" ಎಂದನಂತೆ. ಇಬ್ಬರೂ ಸತ್ಯವನ್ನೇ ನುಡಿದರು. ಬೆಂಗಳೂರಿನ ಬಳಕೆಯಲ್ಲಿ ಸಜ್ಜವೆಂಬುದು ಕಿಟಕಿಯ ಮೇಲೆ ಮಳೆಬಿಸಿಲನ್ನು ತಡೆಯಲು ಹೊರಕ್ಕೆ ಚಾಚಿದ ಹಲಗೆಗೂ ಸಲ್ಲುವುದು, ಕೋಣೆಯೊಳಗೆ ಸಾಮಾನು ಇಡುವ ಹಲಗೆಗೂ ಸಲ್ಲುವುದು. ಗೋಡೆ ಏಳುತ್ತಿರುವಾಗಲೇ ಕಬ್ಬಿಣವನ್ನು ಸೇರಿಸಿ ಹಾಕಬೇಕಾದುದನ್ನು ಆಮೇಲೆ ಗೋಡೆಯನ್ನು ಕೊರೆದು ಹಾಕಿಸಬೇಕಾಯಿತು. "ಹೊರಸಜ್ಜ", "ಒಳಸಜ್ಜ" ಎಂಬ ಎರಡು ಮಾತುಗಳನ್ನು ಕರಾರಿನಲ್ಲಿ ಬರೆದಿದ್ದರೆ ಈ ವೆಚ್ಚವು ಉಳಿಯುತ್ತಿದ್ದಿತು.

ಬೇಸ್ಮೆಂಟು ಎಂಬ ಪದವು ಇದಕ್ಕಿಂತಲೂ ಅಪಾಯಕರವಾದುದು. ನಮ್ಮ ಮೇಸ್ತ್ರಿಗಳು ನೆಲಮಟ್ಟದಿಂದ ಮನೆಯೊಳಗಣ ನೆಲದವರೆಗೆ ಎತ್ತಿದ ಕಟ್ಟಡವನ್ನು ಬೇಸ್ಮೆಂಟು ಎನ್ನುವರು. ನಕ್ಷೆ ಬರೆಯುವವರು ಅದನ್ನೇ ಪ್ಲಿಂತು ಎನ್ನುವರು. ಅವರ ನಕ್ಷೆಯಲ್ಲಿ ಬೇಸ್ಮೆಂಟು ಎಂದರೆ ನೆಲದ ಕೆಳಗಣ ಅಂತಸ್ತು. ಒಬ್ಬನಿಗೆ ಭೂಮಿಯ ಮೇಲಿರುವುದು ಇನ್ನೊಬ್ಬನಿಗೆ ಭೂಮಿಯ ಕೆಳಗಾಯಿತು. ಕೈಪಿಡಿಗಳಾದರೋ ಪ್ಲಿಂತಿಗೆ ತಳಪಾಯವೆಂದು ಅರ್ಥ ಬರೆದು ಈ ತೊಡಕನ್ನು ಮತ್ತಷ್ಟು ಬಿಗಿಗೊಳಿಸಿವೆ. ತಳಪಾಯವು ಅಗೆದ ಗುಣಿಯಲ್ಲಿ ಅಡಗಿರತಕ್ಕದ್ದು. ಪ್ಲಿಂತು ಅದರ ಮೇಲೆ ಕಣ್ಣಿಗೆ ಕಾಣುವಂತೆ ಎದ್ದಿರತಕ್ಕದ್ದು. ಸಾಲ ಕೊಡುವ ಬ್ಯಾಂಕುಗಳೂ ಕರಾರಿನ ಕಂತುಗಳೂ ಪಾಯ, ಪ್ಲಿಂತು, ಲಿಂಟಲು, ತಾರಸಿ ಎಂಬ ಹಂತಗಳನ್ನೇ ಸಾಮಾನ್ಯವಾಗಿ ಅನುಸರಿಸುವುದರಿಂದ, ಈ ಎರಡು ಮಾತುಗಳನ್ನು ಒಂದೆಂದು ತಿಳಿದವನು ಪಾಯದ ಕೆಲಸಕ್ಕೆ ಪ್ಲಿಂತಿನ ಹಣವನ್ನು ಕೊಟ್ಟುಬಿಡುವ ಸಂಭವವುಂಟು. ದೇವಾಲಯದ ವಾಸ್ತುವಿನಲ್ಲಿ ಈ ಭೇದವು ಎಂದೋ ಸ್ಪಷ್ಟವಾಗಿದ್ದು, ಗೋಡೆಯ ಕೆಳಗೆ ಕಾಣುವ ಪೀಠಭಾಗಕ್ಕೆ ಅಧಿಷ್ಠಾನವೆಂಬ ಪ್ರತ್ಯೇಕವಾದ ಹೆಸರು ಇರುವುದು. ದೇವರ ಮನೆಗೆ ಇದ್ದ ಎಚ್ಚರವು ಮನುಷ್ಯರ ಮನೆಗೆ ಬಾರದಿರುವುದು ವಿಚಿತ್ರವೇ ಸರಿ.

ಇನ್ನು ಚದರ. ಬೆಂಗಳೂರಿನಲ್ಲಿ ಚದರವೆಂದರೆ ನೂರು ಚದರಡಿ. ಮೂವತ್ತು ನಲವತ್ತರ ನಿವೇಶನವೆಂದರೆ ೧೨೦೦ ಚದರಡಿ, ಅಂದರೆ ಹನ್ನೆರಡು ಚದರ. ಅಳತೆಯಾಗಿ ಇದರಲ್ಲಿ ದೋಷವಿಲ್ಲ. ಯಾವುದನ್ನು ಅಳೆದುದು ಎಂಬಲ್ಲಿ ದೋಷವಿದೆ. ಹೊರಗೋಡೆಯ ಹೊರಮೈಯಿಂದ ಹೊರಮೈಗೆ ಇಪ್ಪತ್ತೈದು ಅಡಿ ಅಗಲ, ನಲವತ್ತು ಅಡಿ ಉದ್ದವಿರುವ ಮನೆಯನ್ನು ಹತ್ತು ಚದರದ ಮನೆ ಎನ್ನುವರು. ಹೊರಗೋಡೆಯು ಒಂಬತ್ತು ಅಂಗುಲ ದಪ್ಪವಿದ್ದರೆ ಒಳಗಡೆ ದೊರೆಯುವುದು ಇಪ್ಪತ್ತಮೂರೂವರೆ ಅಡಿ ಅಗಲ, ಮೂವತ್ತೆಂಟೂವರೆ ಅಡಿ ಉದ್ದ. ಗುಣಿಸಿದರೆ ಸುಮಾರು ೯೦೫ ಚದರಡಿ. ಹತ್ತರಲ್ಲಿ ಹೆಚ್ಚುಕಡಿಮೆ ಒಂದು ಚದರವನ್ನು ಹೊರಗೋಡೆಗಳೇ ನುಂಗಿದುವು. ಇದು ಮೋಸವಲ್ಲ, ಗೋಡೆಯನ್ನು ಕಟ್ಟಲು ಹಣ ಬೇಕಷ್ಟೆ. ಆದರೆ ಮೆಟ್ಟಿಲು, ಮೆಟ್ಟಿಲಿನ ಮೇಲಣ ಗೂಡು, ಬಾಲ್ಕನಿ, ನೀರಿನ ಸಂಪು ಇವು ಚದರದ ದರದ ಒಳಗೋ ಹೊರಗೋ ಎಂಬುದು ಒಬ್ಬೊಬ್ಬ ಗುತ್ತಿಗೆದಾರನಲ್ಲಿ ಒಂದೊಂದು ಬಗೆ. ದರವನ್ನು ಕೇಳುವ ಮುನ್ನ ಎಲ್ಲೆಯನ್ನು ಕೇಳಬೇಕೆಂದು ಎಷ್ಟು ಕೈಪಿಡಿಗಳು ಹೇಳುವುವು?

ಹಿಂದಿನವರು ಮನೆಯನ್ನು ಅಂಕಣಗಳಿಂದ ಎಣಿಸುತ್ತಿದ್ದರು. ಎರಡು ತೊಲೆಗಳ ಅಥವಾ ಎರಡು ಕಂಬಗಳ ನಡುವಣ ಎಡೆಯೇ ಅಂಕಣವೆಂದು ಕಿಟ್ಟೆಲ್ ಮಹಾಶಯರ ೧೮೯೪ರ ನಿಘಂಟಿನಲ್ಲಿಯೂ ಅರ್ಥವನ್ನು ಕೊಟ್ಟಿದೆ. ಮರದ ಉದ್ದಕ್ಕೆ ತಕ್ಕಂತೆ ಅಂಕಣವು ಹಿಗ್ಗಿ ಕುಗ್ಗುತ್ತಿದ್ದುದರಿಂದ ಅದು ಖಚಿತವಾದ ಅಳತೆಯಲ್ಲ. ಆದರೆ ಅದು ಎಣಿಸುತ್ತಿದ್ದುದು ಮನುಷ್ಯನು ನಿಲ್ಲುವ, ಮಲಗುವ ಎಡೆಯನ್ನು. ಚದರವು ಅಳತೆಯಲ್ಲಿ ಖಚಿತ, ಎಲ್ಲೆಯಲ್ಲಿ ಅಸ್ಪಷ್ಟ. ಅಂಕಣವು ಅಳತೆಯಲ್ಲಿ ಅಸ್ಪಷ್ಟ, ಎಲ್ಲೆಯಲ್ಲಿ ಖಚಿತ. ಒಂದನ್ನು ಗಳಿಸುವಾಗ ಇನ್ನೊಂದನ್ನು ಕಳೆದುಕೊಂಡೆವು.

೩

ಎರಡನೆಯದು ಅವ್ಯಾಪ್ತಿ. ಪಾಯವೆಂದರೆ ಗೋಡೆಯ ಉದ್ದಕ್ಕೂ ಗುಣಿ ತೋಡಿ ಕಟ್ಟಿದ ಕಲ್ಲಿನ ಅಡಿಗೋಡೆ ಎಂದು ಕೆಲವರು ವಿವರಿಸುವರು. ಸೈಜುಗಲ್ಲಿನ ಮನೆಗಳ ಕಾಲಕ್ಕೆ ಇದು ಸರಿಯಾಗಿದ್ದಿತು. ಈಗಿನ ಬಹುಪಾಲು ಮನೆಗಳಲ್ಲಿ ಭಾರವನ್ನು ಹೊರುವುದು ಗೋಡೆಯಲ್ಲ, ಕಂಬ. ಒಂದೊಂದು ಕಂಬಕ್ಕೂ ಪ್ರತ್ಯೇಕವಾದ ಕಾಂಕ್ರೀಟಿನ ಪಾದವಿರುವುದು. ಹಳೆಯ ಲಕ್ಷಣವನ್ನು ನಂಬಿದ ಗೃಹಸ್ಥನು ಎರಡು ಕಂಬಗಳ ನಡುವಣ ಗೋಡೆಯ ಕೆಳಗೆ ಕಲ್ಲು ಕಾಣಲಿಲ್ಲವೆಂದು ಅಂಜುವನು. ಅಂಜಬೇಕಾದಲ್ಲಿ, ಎಂದರೆ ಕಂಬದ ಪಾದದ ಆಳ ಅಗಲಗಳು ನಕ್ಷೆಯಲ್ಲಿದ್ದಂತೆ ಇವೆಯೇ ಇಲ್ಲವೇ ಎಂಬಲ್ಲಿ, ನಿಶ್ಚಿಂತನಾಗಿರುವನು. ಕಟ್ಟಡದ ಭಾರವನ್ನು ಗಟ್ಟಿನೆಲಕ್ಕೆ ಹಂಚಿ ಇಳಿಸುವ ಭಾಗವೇ ಪಾಯವೆಂದರೆ ಎರಡು ಬಗೆಯೂ ಒಳಗಾಗುವುದು.

ಅಪೂರ್ಣವಾದ ಹೆಸರಿನಿಂದ ಒಳ್ಳೆಯ ವಸ್ತುವಿಗೇ ಕೇಡಾಗುವುದಕ್ಕೂ ಉದಾಹರಣೆಯು ದೂರವಿಲ್ಲ. ಯಶವಂತಪುರದ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಸ್ತ್ರ ಎಂಬ ಕೇಂದ್ರವು ಏರ್ಪಟ್ಟು, ಗ್ರಾಮಗಳಿಗೆ ಉಪಯುಕ್ತವಾದ ಶಾಸ್ತ್ರೀಯ ವಿಧಾನಗಳನ್ನು ಕುರಿತು ಕೆಲಸಮಾಡಿತು. ಮಣ್ಣಿಗೆ ಸ್ವಲ್ಪ ಸಿಮೆಂಟನ್ನು ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆಯೇ ಕೆಲವು ವಾರ ತೇವದಲ್ಲಿಟ್ಟು ಗಟ್ಟಿಗೊಳಿಸುವ ಇಟ್ಟಿಗೆಯು ಅಲ್ಲಿ ಅಭಿವೃದ್ಧಿಗೊಂಡ ವಸ್ತುಗಳಲ್ಲೊಂದು. ಜನರು ಇದನ್ನು ಮಣ್ಣಿನ ಇಟ್ಟಿಗೆ ಎಂದು ಕರೆದುದರಿಂದ ಮಳೆಗೆ ಕರಗುವ ಹಸಿ ಇಟ್ಟಿಗೆಯೊಡನೆ ಒಂದೇ ಗುಂಪಿಗೆ ಸೇರಿತು. ವಿದ್ವಾಂಸರು ಸ್ಥಿರೀಕೃತವೆಂಬ ವಿಶೇಷಣವನ್ನು ಹಚ್ಚಿದುದರಿಂದ ಯಾರಿಗೂ ಏನೂ ತಿಳಿಯದಂತಾಯಿತು. "ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆ" ಎಂದರೆ ಹೆಸರು ತುಸು ಉದ್ದ. ಆದರೆ ವಸ್ತುವಿನ ಗುಟ್ಟು ಹೆಸರಿನಲ್ಲಿಯೇ ಇದೆ.

ಮೂರನೆಯದಾದ ಅಸಂಭವಕ್ಕೆ, ತಾರಸಿಯು "ಒಣಗಬೇಕು" ಎಂಬ ಮಾತನ್ನು ನೋಡಬಹುದು. ಸುಣ್ಣದ ಗಾರೆಯು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ನಿಧಾನವಾಗಿ ಕಲ್ಲಾಗುವುದು. ಸಿಮೆಂಟಿನ ಸ್ವಭಾವವು ಹಾಗಲ್ಲ. ಅದು ನೀರಿನೊಡನೆ ಕೂಡಿಯೇ ಗಟ್ಟಿಯಾಗತಕ್ಕದ್ದು. ಬೇಗ ಒಣಗಿದ ಕಾಂಕ್ರೀಟು ಕಸುವಿಲ್ಲದೆ ಬಿರುಕುಬಿಡುವುದು. ಆದುದರಿಂದ ಒಣಗುವುದೆಂಬ ಮಾತು ಕಾಂಕ್ರೀಟಿಗೆ ಸಲ್ಲದುದು ಮಾತ್ರವಲ್ಲ, ವಿರುದ್ಧವಾದುದು. ಕ್ಯೂರಿಂಗ್ ಎಂಬ ಪದವನ್ನು ಮೇಸ್ತ್ರಿಯು ಬಲ್ಲನು, ಗೃಹಸ್ಥನು ಅರಿಯನು. ಸಂಸ್ಕರಣವೆಂಬ ಪದವನ್ನು ಇಬ್ಬರೂ ಅರಿಯರು. "ನೀರುಣಿಸುವುದು" ಎಂದರೆ ಇಬ್ಬರಿಗೂ ತಿಳಿಯುವುದು, ಮಾಡಬೇಕಾದ ಕೆಲಸವೂ ಅದೇ. ಎಷ್ಟು ದಿನ ಎಂಬುದಕ್ಕೂ ಪ್ರಮಾಣವಿದೆ. ಭಾರತೀಯ ಮಾನಕ ೪೫೬ರ ೨೦೦೦ನೆಯ ಇಸವಿಯ ಪಾಠದಂತೆ, ಸಾಧಾರಣ ಪೋರ್ಟ್‌ಲೆಂಡ್ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠಪಕ್ಷ ೭ ದಿನವೂ, ಹಾರುಬೂದಿ ಮೊದಲಾದುವು ಬೆರೆತ ಸಿಮೆಂಟಿನದನ್ನು ಕನಿಷ್ಠಪಕ್ಷ ೧೦ ದಿನವೂ ಎಡೆಬಿಡದೆ ತೇವದಲ್ಲಿಡಬೇಕು. ಸಾಧಾರಣ ಸಿಮೆಂಟಿನ ತಾರಸಿಯ ಕೆಳಗಣ ಆಸರೆಗಳನ್ನು, ಆಧಾರದಿಂದ ಆಧಾರಕ್ಕೆ ನಾಲ್ಕೂವರೆ ಮೀಟರಿನವರೆಗಿದ್ದರೆ ೭ ದಿನಕ್ಕೂ, ಅದಕ್ಕೆ ಮೀರಿದ್ದರೆ ೧೪ ದಿನಕ್ಕೂ ಮೊದಲು ತೆಗೆಯಕೂಡದು. ಪದಪಟ್ಟಿಯಲ್ಲಿ ಈ ಎರಡು ಮೂರು ಅಂಕೆಗಳು ಇದ್ದಿದ್ದರೆ ಎಷ್ಟೋ ಮನೆಗಳ ತಾರಸಿ ಸೋರುತ್ತಿರಲಿಲ್ಲ.

೪

ಈವರೆಗಿನವು ಕೆಲಸದ ಎಡೆಯ ಮಾತುಗಳು. ಕಚೇರಿಯ ಮಾತುಗಳಲ್ಲಿ ಒಂದನ್ನು ವಿಶೇಷವಾಗಿ ಎತ್ತಿ ಹೇಳಬೇಕಾಗಿದೆ. ಕಟ್ಟಡವು ಮಂಜೂರಾದ ನಕ್ಷೆಯಂತೆ ಕಟ್ಟಲ್ಪಟ್ಟು ವಾಸಕ್ಕೆ ಯೋಗ್ಯವಾಗಿದೆಯೆಂದು ಸ್ಥಳೀಯ ಅಧಿಕಾರಿಗಳು ಕೊಡುವ ಪತ್ರಕ್ಕೆ ಸ್ವಾಧೀನಾನುಭವ ಪತ್ರವೆಂದು ಹೆಸರಾಗಿದೆ. ನಿವೇಶನವನ್ನೋ ಮನೆಯನ್ನೋ ಕೊಟ್ಟವರು, ಇದನ್ನು ನಿಮ್ಮ ವಶಕ್ಕೆ ಒಪ್ಪಿಸಿದ್ದೇವೆಂದು ಬರೆದುಕೊಡುವುದು ಸ್ವಾಧೀನ ಪತ್ರ. ಕಿವಿಗೆ ಎರಡೂ ಒಂದೇ. ಮೊದಲನೆಯದು ಕಟ್ಟಡದ ಯೋಗ್ಯತೆಗೆ ಸಾಕ್ಷಿ, ಎರಡನೆಯದು ಕೈ ಬದಲಾದುದಕ್ಕೆ ಸಾಕ್ಷಿ. ಕೊಡುವವರು ಬೇರೆ, ಹೇಳುವ ವಿಷಯವು ಬೇರೆ. ಕೀಲಿಕೈಯೊಡನೆ ಬಂದ ಒಂದು ಸ್ವಾಧೀನ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಎಲ್ಲವೂ ಸರಿಯಾಯಿತೆಂದು ನಂಬಿದವರನ್ನು ನಾವು ಬಲ್ಲೆವು. ೨೦೨೪ರ ಡಿಸೆಂಬರು ೧೭ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನಲ್ಲಿ, ವಿದ್ಯುತ್ತು ನೀರು ಮೊದಲಾದ ಸಂಪರ್ಕಗಳನ್ನು ಅಧಿಕಾರಿಗಳ ಈ ಮೊದಲನೆಯ ಪತ್ರವನ್ನು ನೋಡಿದ ಮೇಲೆಯೇ ಕೊಡತಕ್ಕದ್ದೆಂದು ಹೇಳಿರುವುದರಿಂದ ಈ ಭೇದವು ಶಬ್ದಪಂಡಿತರ ವಿನೋದವಾಗಿ ಉಳಿದಿಲ್ಲ. ವಾಸಯೋಗ್ಯತಾ ಪತ್ರವೆಂದು ಕರೆದಿದ್ದರೆ ಅದು ಏನನ್ನು ಸಾಕ್ಷೀಕರಿಸುವುದೆಂಬುದು ಹೆಸರಿನಿಂದಲೇ ತಿಳಿಯುತ್ತಿದ್ದಿತು.

ಕಚೇರಿಯ ಮಾತೆಲ್ಲವೂ ದುಷ್ಟವೆಂದು ಇದರ ಅಭಿಪ್ರಾಯವಲ್ಲ. ೨೦೧೬ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆಯಲ್ಲಿ ಕಾರ್ಪೆಟ್ ಏರಿಯಾ ಎಂಬುದಕ್ಕೆ ಬರೆದಿರುವ ಲಕ್ಷಣವು ನಮ್ಮ ಒರೆಗಲ್ಲಿಗೆ ನಿಲ್ಲತಕ್ಕದ್ದಾಗಿದೆ. ಅಪಾರ್ಟ್‌ಮೆಂಟಿನೊಳಗೆ ಬಳಸಲು ದೊರೆಯುವ ನೆಲವೇ ಅದು. ಹೊರಗೋಡೆಗಳು ಆವರಿಸಿದ ಎಡೆ, ಕೊಳವೆ ತಂತಿಗಳು ಹಾಯುವ ಗೂಡುಗಳು, ಆ ಮನೆಗೇ ಸೇರಿದ ಬಾಲ್ಕನಿ ಅಥವಾ ವರಾಂಡ, ಆ ಮನೆಗೇ ಸೇರಿದ ತೆರೆದ ತಾರಸಿ ಇವು ಹೊರಗೆ. ಕೋಣೆಗಳನ್ನು ಬೇರ್ಪಡಿಸುವ ಒಳಗೋಡೆಗಳು ಮಾತ್ರ ಒಳಗೆ. ಒಳಗಾವುದು, ಹೊರಗಾವುದು ಎಂದು ಎರಡನ್ನೂ ಹೇಳಿದೆ. ಸೂಪರ್ ಬಿಲ್ಟ್ ಅಪ್ ಎಂಬ ಮಾರಾಟಗಾರರ ಮಾತಿಗೆ ಇಂತಹ ಲಕ್ಷಣವು ಆ ಕಾಯಿದೆಯಲ್ಲಿಲ್ಲ. ಮೆಟ್ಟಿಲು, ಲಿಫ್ಟು, ಮೊಗಸಾಲೆ ಮೊದಲಾದ ಸಾಮಾನ್ಯ ಎಡೆಗಳಲ್ಲಿ ಒಂದು ಪಾಲನ್ನು ಅದಕ್ಕೆ ಕೂಡಿಸುವರು. ಆ ಪಾಲನ್ನು ಲೆಕ್ಕಹಾಕುವ ಬಗೆ ಒಬ್ಬೊಬ್ಬರದು ಒಂದೊಂದು. ಹೆಬ್ಬಾಳದ ಎರಡು ಕಟ್ಟಡಗಳಲ್ಲಿ ತಲಾ ೧೨೦೦ ಚದರಡಿಯೆಂದು ಹೇಳಿದ ಎರಡು ಮನೆಗಳು, ಇದೇ ಕಾರಣದಿಂದ, ಒಳನೆಲದಲ್ಲಿ ಒಂದು ಇಡೀ ಕೋಣೆಯಷ್ಟು ವ್ಯತ್ಯಾಸಪಡಬಹುದು. ಆದುದರಿಂದ ಬೆಲೆಯನ್ನು ಹೋಲಿಸುವವನು ಲಕ್ಷಣವುಳ್ಳ ಪದದಿಂದ ಹೋಲಿಸಬೇಕು.

ಇಲ್ಲಿ ಒಂದು ಆಕ್ಷೇಪಣೆಯು ಏಳಬಹುದು. ಕಾರ್ಪೆಟ್ ಏರಿಯಾ ಎಂಬುದು ಪರಭಾಷೆಯ ಪದವಲ್ಲವೆ, ಅದನ್ನು ಹೊಗಳಿ ಸ್ವಾಧೀನಾನುಭವವೆಂಬ ಸಂಸ್ಕೃತ ಪದವನ್ನು ಹಳಿಯುವುದು ಸರಿಯೆ ಎಂದು. ನಮ್ಮ ಉತ್ತರವೇನೆಂದರೆ, ಪದದ ಜಾತಿಯನ್ನು ವಿಚಾರಿಸುವುದಕ್ಕಿಂತ ಅದರ ಕೆಲಸವನ್ನು ವಿಚಾರಿಸುವುದು ಮೇಲು. ಮೇಸ್ತ್ರಿ, ಅಲಮಾರು, ಚಾವಿ ಇವು ಪೋರ್ತುಗೀಸರಿಂದ ಬಂದುವು, ಬುನಾದಿ ಪಾರಸಿಯದು, ತಾರಸಿ ಇಂಗ್ಲೀಷಿನದು. ಇವು ಯಾವುವೂ ಕನ್ನಡಕ್ಕೆ ಭಾರವಾಗಲಿಲ್ಲ. ಮಾತಿನ ಆಕಾರವು ಬದಲಾದರೂ ಅದು ತನ್ನ ಕೆಲಸವನ್ನು ಬಿಡದಿರಬಹುದೆಂಬುದಕ್ಕೆ ಹೆಬ್ಬಾಳವೇ ಸಾಕ್ಷಿ. ೨೦೧೮ರಲ್ಲಿ ಅಲ್ಲಿ ಬೆಳಕಿಗೆ ಬಂದ, ಗಂಗರ ಶ್ರೀಪುರುಷನ ಕಾಲದ, ಸುಮಾರು ೭೫೦ನೆಯ ಇಸವಿಯ ಕಿತ್ತಯ್ಯನ ವೀರಗಲ್ಲಿನಲ್ಲಿ ಪೆರ್ಬೊಳಲ್ ನಾಡೆಂಬ ಹೆಸರಿದೆ. ಪಿರಿಯ ಪೊಳಲು ಹೆಬ್ಬಾಳವಾಯಿತು. ಆದರೂ ಇಂದಿಗೂ ಅದು ಅದೇ ಊರನ್ನೇ ತೋರಿಸುತ್ತಿದೆ. ಪದಕ್ಕೆ ಬೇಕಾದುದು ಇಷ್ಟೆ.

೫

ಇನ್ನು ನಮ್ಮ ಸಂಘಗಳಿಗೂ ವಿದ್ವಾಂಸರಿಗೂ ಒಂದು ವಿಜ್ಞಾಪನೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ನಾಡಿಗೆ ಹೆಮ್ಮೆಯನ್ನು ತರುವ ಕೃತಿ. ಆದರೆ ಕಾವ್ಯ ಶಾಸನಗಳ ಪ್ರಯೋಗವನ್ನು ಮುಖ್ಯ ಆಧಾರವಾಗಿಟ್ಟುಕೊಂಡ ಯಾವ ನಿಘಂಟಿಗೂ ಗಾರೆಯವರ ಬಾಯಿಮಾತು ಸುಲಭವಾಗಿ ಸಿಕ್ಕದು. ಹಿಂದೆ ನಮ್ಮವರು ಈ ವಿಷಯವನ್ನು ಕೀಳೆಂದು ಎಣಿಸಲಿಲ್ಲ. ೧೦೨೫ರ ಸುಮಾರಿನಲ್ಲಿ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಮನೆಯ ವಾಸ್ತುವನ್ನೂ ನೆಲದೊಳಗಣ ನೀರನ್ನು ಗುರುತಿಸುವ ಬಗೆಯನ್ನೂ ಕನ್ನಡದಲ್ಲಿಯೇ ಬರೆದನು. ಗೃಹಸ್ಥನಿಗಾಗಿ ಶಾಸ್ತ್ರವನ್ನು ಬರೆಯುವ ಆ ದಾರಿಯು ಈಗ ಮಾರಾಟದ ಪತ್ರಿಕೆಗಳ ಪಾಲಾಗಿರುವುದು ವಿಷಾದಕರ.

ಪದಗಳನ್ನು ಸಂಗ್ರಹಿಸುವವರು ಒಂದೊಂದು ಪದಕ್ಕೂ ಐದು ವಿಷಯಗಳನ್ನು ಬರೆಯಲಿ: ಮೇಸ್ತ್ರಿಯ ಹೆಸರು, ಕಚೇರಿಯ ಹೆಸರು, ಎಲ್ಲಿಂದ ಎಲ್ಲಿಯವರೆಗೆ, ಅಳತೆ, ಮತ್ತು ಆ ಹಂತದಲ್ಲಿ ಮನೆಯವನು ಕಣ್ಣಾರೆ ನೋಡಬೇಕಾದುದು. ಕರಣೆ, ತೂಗುಗುಂಡು, ಮೂಲೆಮಟ್ಟ, ರಸಮಟ್ಟ ಎಂಬ ಮಾತುಗಳು ಇನ್ನೂ ಕೆಲಸಗಾರರ ಬಾಯಲ್ಲಿವೆ. ರಸಮಟ್ಟವನ್ನು ಇಟ್ಟೊಡನೆ ಗುಳ್ಳೆಯು ನಡುವೆ ನಿಂತಿತೇ ಓರೆಯಾಯಿತೇ ಎಂಬುದು ಮಗುವಿಗೂ ಕಾಣುವುದು. ಅದನ್ನು ನೋಡಿ ತಿಳಿಯಲು ಯಾರ ವಿದ್ಯೆಯೂ ಬೇಡ. ಕಟ್ಟಡದ ಪದಕ್ಕೆ ಕೊಡುವ ವಿವರಣೆಯೂ ಅಂತಹುದಾಗಬೇಕು. ಕೆಲಸಗಾರರು ಹಳ್ಳಿಗಳಿಂದಲೂ ಹೊರನಾಡುಗಳಿಂದಲೂ ಬಂದು ಸೇರುತ್ತಿರುವ ಈ ದಿನಗಳಲ್ಲಿ ಹಳೆಯ ಮೇಸ್ತ್ರಿಗಳ ಮಾತನ್ನು ಕೇಳಿ ಬರೆದುಕೊಳ್ಳುವ ಕೆಲಸವು ತಡವಾಗಕೂಡದು. ಯಲಹಂಕದಿಂದಲೋ ಯಶವಂತಪುರದಿಂದಲೋ ಯಾರಾದರೊಬ್ಬರು ಐವತ್ತು ಪದಗಳನ್ನು ಈ ಕ್ರಮದಲ್ಲಿ ಬರೆದು ಕಳುಹಿಸಿದರೆ, ಅದು ಈ ಲೇಖನಕ್ಕಿಂತ ಹೆಚ್ಚಿನ ಉಪಕಾರವಾದೀತೆಂದು ನಂಬಿದ್ದೇವೆ.